ಒಂದೂವರೆ ವೋಲ್ಟಿಗೂ ಮೂರೂವರೆ ವೋಲ್ಟಿಗೂ ನಡುವೆ

ಕರಿಹಲಗೆಯ ಮೇಲೆ ಆ ಗೆರೆಯನ್ನು ಹನ್ನೊಂದು ವರ್ಷದಿಂದ ಎಳೆಯುತ್ತಾ ಬಂದಿದ್ದೇನೆ. ಎಡಗಡೆ ಮೇಲೆ ಮಟ್ಟಸವಾಗಿ ಹೊರಡುತ್ತದೆ, ನಡುವೆ ದಡಕ್ಕನೆ ಕೆಳಗಿಳಿಯುತ್ತದೆ, ಆಮೇಲೆ ಮತ್ತೆ ಮಟ್ಟಸ. ಚಿಕ್ಕಮಗಳೂರಿನ ನಮ್ಮ ಡಿಪ್ಲೊಮಾ ಮಕ್ಕಳಿಗೆ ಇನ್ವರ್ಟರ್ ಪಾಠ ಅಂದರೆ ಇಷ್ಟೇ. ಕರೆಂಟು ಹೋದಾಗ ದೀಪ ಉರಿಸುವ ಇನ್ವರ್ಟರ್ ಅಲ್ಲ ಇದು, ಐಸಿ ಅನ್ನುವ ಪುಟ್ಟ ಚಿಪ್ಪಿನೊಳಗಿನ ಅತಿ ಚಿಕ್ಕ ಸರ್ಕ್ಯೂಟು. ಅದರ ಕೆಲಸ ಒಂದೇ, ಎದುರಾಡುವುದು. ಒಳಗೆ ಸೊನ್ನೆ ಕೊಟ್ಟರೆ ಹೊರಗೆ ಒಂದು, ಒಂದು ಕೊಟ್ಟರೆ ಸೊನ್ನೆ. ನಮ್ಮ ಮನೆಯಲ್ಲಿ ಆ ಕೆಲಸಕ್ಕೆ ನೀನಿದ್ದೀಯಲ್ಲ ಅಂತ ನನ್ನಣ್ಣ ನನಗೆ ಹೇಳುತ್ತಾನೆ.

ಐದು ವೋಲ್ಟಿನ ಐಸಿಯಲ್ಲಿ ಒಂದೂವರೆ ವೋಲ್ಟಿಗಿಂತ ಕೆಳಗಿದ್ದರೆ ಅದು ಸೊನ್ನೆ, ಮೂರೂವರೆಗಿಂತ ಮೇಲಿದ್ದರೆ ಒಂದು. ನಡುವಿನ ಎರಡು ವೋಲ್ಟಿನಲ್ಲಿ ಏನಾಗುತ್ತದೆ ಅಂತ ನಾನು ಹೇಳುತ್ತಲೇ ಇರಲಿಲ್ಲ. “ಅದನ್ನ ದಾಟೋಕೆ ಕಣ್ಣು ಮಿಟುಕಿಸೋವಷ್ಟು ಹೊತ್ತೂ ಬೇಡ, ಪರೀಕ್ಷೆಗೂ ಬರಲ್ಲ” ಅಂದು ಹಲಗೆ ಒರೆಸಿಬಿಡುತ್ತಿದ್ದೆ. ಸಿಲಬಸ್ಸು ಮುಗಿಸುವ ಗಡಿಬಿಡಿಯಲ್ಲಿ ನಮಗೆ ಅದೆಲ್ಲ ಎಲ್ಲಿ?

ಆ ಶುಕ್ರವಾರ ಮಧ್ಯಾಹ್ನ ಊಟದ ನಂತರದ ಕ್ಲಾಸಿನಲ್ಲಿ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತಳು. “ಮೇಡಂ, ಇನ್‌ಪುಟ್ಟು ನಿಧಾನಕ್ಕೆ ಏರ್ತಾ ಏರ್ತಾ ಮಧ್ಯದಲ್ಲೇ ನಿಂತ್ಕಂಡ್ರೆ?”

“ನಿಲ್ಲಲ್ಲಮ್ಮ. ಕೂತ್ಕೋ.”

“ಎಂತಕ್ಕೆ ನಿಲ್ಲಲ್ಲ ಮೇಡಂ?”

ಕೋಪ ನನಗೆ ಮೂಗಿನ ತುದಿಯಲ್ಲೇ ಇರುತ್ತದೆ. ಆದರೂ ಸೀಮೆಸುಣ್ಣ ತೆಗೆದುಕೊಂಡು ಹಲಗೆಗೆ ತಿರುಗಿದೆ. ಒಳಗೆ ಎರಡು ಟ್ರಾನ್ಸಿಸ್ಟರ್ ಇವೆ, ಒಂದು ಮೇಲಕ್ಕೆ ಎಳೆಯುತ್ತದೆ, ಇನ್ನೊಂದು ಕೆಳಕ್ಕೆ. ಯಾವಾಗಲೂ ಒಂದು ಎಚ್ಚರ, ಒಂದು ನಿದ್ದೆ. ಮಧ್ಯದಲ್ಲಿ ಮಾತ್ರ ಎರಡೂ ಅರ್ಧಂಬರ್ಧ ಎಚ್ಚರವಾಗಿ ಹಗ್ಗ ಜಗ್ಗುತ್ತವೆ. “ಆಗ ಹೊರಗೆ ಸೊನ್ನೇನೂ ಅಲ್ಲ, ಒಂದೂ ಅಲ್ಲ. ಪಕ್ಕದಲ್ಲಿ ಯಾವುದೋ ಮೋಟಾರ್ ಇದ್ರೆ ಸಾಕು, ಅದರ ಗದ್ದಲಕ್ಕೇ ಅತ್ತ ಇತ್ತ ವಾಲುತ್ತೆ. ಮುಂದೆ ರಿಲೇ ಇದ್ರೆ ಅದು ಕಿಟಿಕಿಟಿ ಅಂತ…” ಅಂದೆ.

ಸೀಮೆಸುಣ್ಣ ಕೆಳಗಿಟ್ಟೆ. ಆ ಕಿಟಿಕಿಟಿ ಸದ್ದಿನ ವಿಷಯವನ್ನು ಅವತ್ತು ಬೆಳಿಗ್ಗೆಯಷ್ಟೇ ಅಣ್ಣ ಫೋನಿನಲ್ಲಿ ಹೇಳಿದ್ದ.

ಗೋಣಿಬೀಡಿನ ಹತ್ತಿರ ಅವನಿಗೆ ಸಣ್ಣದೊಂದು ಕಾಫಿ ತೋಟವಿದೆ, ಎಸ್ಟೇಟ್ ಅನ್ನುವಷ್ಟಿಲ್ಲ. ಕೊಯ್ದ ಹಣ್ಣನ್ನು ಅವತ್ತೇ ಪಲ್ಪರಿಗೆ ಹಾಕಿ ಸಿಪ್ಪೆ ಬಿಡಿಸಬೇಕು. ಪಲ್ಪರ್ ಓಡುವಾಗ ನೀರು ಬೀಳುತ್ತಲೇ ಇರಬೇಕು, ಇಲ್ಲದಿದ್ದರೆ ಅದರ ಡ್ರಮ್ಮು ಬೀಜವನ್ನೇ ಕಚ್ಚಿಹಾಕುತ್ತದೆ. ಹಿಂದಿನ ವರ್ಷ ಪೈಪು ಕಟ್ಟಿಕೊಂಡದ್ದು ಯಾರ ಗಮನಕ್ಕೂ ಬಾರದೆ ಒಂದಿಡೀ ಸಂಜೆಯ ಹಣ್ಣು ಹಾಳಾಗಿತ್ತು. “ಅಷ್ಟೆಲ್ಲ ಓದಿದೀಯಲ್ಲ ಮಾರಾಯ್ತಿ, ನೀರು ನಿಂತ್ರೆ ಮೋಟ್ರೂ ನಿಲ್ಲಂಗೆ ಎಂತಾದ್ರೂ ಮಾಡಕ್ಕಾಗಲ್ವಾ?” ಅಂತ ಅಣ್ಣ ಕೇಳಿದ. ನನಗೆ ಅಷ್ಟೇ ಸಾಕಾಯಿತು.

ಪಲ್ಪರಿಗೆ ನೀರು ಬರುವ ಸಣ್ಣ ತೊಟ್ಟಿಯಲ್ಲಿ ಎರಡು ಸ್ಟೀಲ್ ಕಡ್ಡಿ ಇಳಿಬಿಟ್ಟೆ. ನೀರಿದ್ದರೆ ಕಡ್ಡಿಗಳ ನಡುವೆ ಕರೆಂಟು ಹರಿದು ಐಸಿಗೆ ಸೊನ್ನೆ ಹೋಗುತ್ತದೆ. ಐಸಿ ಎದುರಾಡಿ ಒಂದು ಅನ್ನುತ್ತದೆ. ಆಗ ರಿಲೇ ಅನ್ನುವ ಪುಟ್ಟ ಸ್ವಿಚ್ಚು ತಾನೇ ಕೂಡಿಕೊಂಡು, ಅದು ಗೋದಾಮಿನಲ್ಲಿರುವ ದೊಡ್ಡ ಸ್ವಿಚ್ಚಾದ ಸ್ಟಾರ್ಟರನ್ನು ಎಳೆದು, ಮೋಟಾರು ಓಡುತ್ತದೆ. ನೀರು ಹೋದರೆ ಎಲ್ಲವೂ ಉಲ್ಟಾ. ಇಂಥ ಕೆಲಸಕ್ಕೆ ಹಾಕಬೇಕಾದ ಐಸಿಯೇ ಬೇರೆ, ಷ್ಮಿಟ್ ಟ್ರಿಗರ್ ಅನ್ನುತ್ತಾರೆ. ಅದು ಹಟಮಾರಿ. ಒಮ್ಮೆ ಅತ್ತ ಹೋಯಿತೆಂದರೆ, ಚೆನ್ನಾಗಿ ತಳ್ಳದೆ ಇತ್ತ ಬರುವುದಿಲ್ಲ. ಪೇಟೆಯ ಅಂಗಡಿಯಲ್ಲಿ ಅದು ಮುಗಿದಿತ್ತು, “ಸೋಮವಾರ ಬನ್ನಿ ಮೇಡಂ” ಅಂದರು. ನನಗೆಲ್ಲಿಯ ತಾಳ್ಮೆ? ನನ್ನ ಡ್ರಾಯರಿನಲ್ಲಿದ್ದ ಮಾಮೂಲಿ ಇನ್ವರ್ಟರ್ ಐಸಿ ಹಾಕಿದೆ. ಎರಡರ ಕಾಲುಗಳೂ ಒಂದೇ ಜಾಗಕ್ಕೆ ಕೂರುತ್ತವೆ. ನೀರು ಅಂದಮೇಲೆ ಇರುತ್ತದೆ, ಇಲ್ಲಾ ಇರುವುದಿಲ್ಲ, ನಡುವೆ ಎಂತದು ಅಂದುಕೊಂಡೆ.

ಕೊಯ್ಲಿಗೆ ಮುಂಚೆ ಹಳ್ಳದ ತಿಳಿನೀರು ಬಿಟ್ಟು ನೋಡಿದ್ದೆವು. ನೀರು ನಿಂತದ್ದೇ ಕಡ್ಡಿ ಒಣಗಿ ಮೋಟಾರು ಟಕ್ಕೆಂದು ನಿಂತಿತ್ತು. ನಾಲ್ಕೂ ಮೂಲೆಗೆ ಸ್ಕ್ರೂ ಬಿಗಿದು ಪೆಟ್ಟಿಗೆ ಮುಚ್ಚಿ, ಪಲ್ಪರ್ ಶೆಡ್ಡಿನ ಕಂಬಕ್ಕೆ ಹೊಡೆದು ಬಂದಿದ್ದೆ. ತಂಗಿ ಮಾಡಿದ್ದು ಅಂತ ಅಣ್ಣ ಊರೆಲ್ಲ ಹೇಳಿಕೊಂಡು ತಿರುಗಿದ. ನನಗೇನು ಕಡಿಮೆ ಜಂಬವಿತ್ತೇ?

ಅವತ್ತು ಬೆಳಿಗ್ಗೆ ಅವನು ಫೋನ್ ಮಾಡಿದ್ದು ಹೊಗಳುವುದಕ್ಕೇ. “ಈಗ ಮೇನ್ ಸ್ವಿಚ್ ಹತ್ರ ಹೋಗೋದೇ ಇಲ್ಲ ಕಣೆ. ಪಲ್ಪರ್ ಬಾಯಿಗೆ ಕಡ್ಡಿ ಕಸ ಸಿಕ್ಕಿದ್ರೆ ಪಕ್ಕದಲ್ಲಿರೋ ವಾಲ್ವು ತಿರುಗಿಸ್ತೀನಿ. ನೀರು ನಿಲ್ತದೆ, ಮೋಟ್ರು ತಾನೇ ನಿಲ್ತದೆ, ಕೈ ಹಾಕಿ ತೆಗೀತೀನಿ. ಆಮೇಲೆ ನಿನ್ನ ಪೆಟ್ಟಿಗೆ ಸ್ವಲ್ಪ ಹೊತ್ತು ಕಿಟಿಕಿಟಿ ಅಂತದೆ, ಅಷ್ಟೇ.”

ನಾನು ಹಾಜರಿ ಪುಸ್ತಕ ಹುಡುಕುತ್ತಿದ್ದೆ. “ಅದು ರಿಲೇ ಕಣೋ, ಇರ್ಲಿ ಬಿಡು” ಅಂದಿದ್ದೆ. ಆ ಮಾತು ನೆನೆದರೆ ಈಗಲೂ ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳಬೇಕು ಅನ್ನಿಸುತ್ತದೆ.

ಮೇನ್ ಸ್ವಿಚ್ಚು ಗೋದಾಮಿನಲ್ಲಿದೆ, ಪಲ್ಪರಿನಿಂದ ಅಂಗಳ ದಾಟಿ ಇಪ್ಪತ್ತೆರಡು ಹೆಜ್ಜೆ. ನಮ್ಮಪ್ಪನ ಕಾಲದಿಂದಲೂ ಆ ಇಪ್ಪತ್ತೆರಡು ಹೆಜ್ಜೆ ನಡೆದು ಮೇನ್ ತೆಗೆಯದೆ ಯಾರೂ ಪಲ್ಪರಿನ ಬಾಯಿಗೆ ಕೈ ಹಾಕಿದವರಲ್ಲ. ಬೀಜ ಉಳಿಸಲಿಕ್ಕೆ ನಾನು ಮಾಡಿಕೊಟ್ಟದ್ದನ್ನು ಅಣ್ಣ ಕೈ ಕಾಯುವ ಸ್ವಿಚ್ಚು ಮಾಡಿಕೊಂಡಿದ್ದ. ಸಾಲದ್ದಕ್ಕೆ ಈ ವರ್ಷ ನೀರು ಕಡಿಮೆ ಅಂತ ಪಲ್ಪ್ ಮಾಡಿದ ನೀರನ್ನೇ ಸೋಸಿ ಮತ್ತೆ ತೊಟ್ಟಿಗೆ ಪಂಪ್ ಮಾಡುತ್ತಿದ್ದ. ಅದು ನೀರಲ್ಲ, ಹಣ್ಣಿನ ಲೋಳೆ. ತಿಳಿನೀರಿನ ಹಾಗೆ ಕಡ್ಡಿಯಿಂದ ಜಾರಿಹೋಗುವುದಿಲ್ಲ, ಅಂಟಿಕೊಂಡು ಕೂತು ನಿಧಾನಕ್ಕೆ ಇಳಿಯುತ್ತದೆ. ಅಂದರೆ ಐಸಿಗೆ ಹೋಗುವ ವೋಲ್ಟೂ ನಿಧಾನಕ್ಕೆ ಏರುತ್ತದೆ. ಮೋಟಾರು ನಿಲ್ಲುವುದು ಆ ವೋಲ್ಟು ನಡುವನ್ನು ಆಗಷ್ಟೇ ಮುಟ್ಟಿದಾಗ. ನಿಂತಿತು ಅಂತ ಅಣ್ಣ ಕೈ ಹಾಕುವ ಗಳಿಗೆಯೂ ಅದೇ. ಮೇಲಿಂದ ಒಂದು ಹನಿ ಲೋಳೆ ತೊಟ್ಟಿಕ್ಕಿದರೂ ಐಸಿ ವಾಪಸ್ಸು ವಾಲಿ ಮೋಟಾರು ಹೊರಡುತ್ತದೆ. ಇಷ್ಟು ದಿನ ರಿಲೇ ಮಾತ್ರ ಕಿಟಿಕಿಟಿ ಅಂದಿತ್ತು, ಸ್ಟಾರ್ಟರ್ ಕೂತು ಮೋಟಾರಿಗೆ ಕರೆಂಟು ಕೊಟ್ಟಿರಲಿಲ್ಲ.

ಹಲಗೆಯನ್ನು ಹಾಗೇ ಬಿಟ್ಟು ಕಾರಿಡಾರಿಗೆ ಬಂದು ಅಣ್ಣನಿಗೆ ಫೋನ್ ಮಾಡಿದೆ. ವ್ಯಾಪ್ತಿ ಪ್ರದೇಶದ ಹೊರಗಿದ್ದಾರೆ ಅಂತ ಆ ಹೆಂಗಸಿನ ದನಿ ತಣ್ಣಗೆ ಹೇಳಿತು. ಪಲ್ಪರ್ ಶೆಡ್ಡು ಇಳಿಜಾರಿನಲ್ಲಿದೆ, ಅಲ್ಲಿ ಸಿಗ್ನಲ್ ಸಿಗುವುದೇ ಇಲ್ಲ. ಅತ್ತಿಗೆಗೆ ಮಾಡಿದೆ. ರಿಂಗಾಯಿತು, ರಿಂಗಾಯಿತು, ಎತ್ತಲಿಲ್ಲ. ಕೊಯ್ಲಿಗೆ ಹೋಗುವಾಗ ಅವಳು ಫೋನನ್ನು ಅಡುಗೆಮನೆಯ ಕಿಟಕಿಯಲ್ಲಿಟ್ಟು ಹೋಗುತ್ತಾಳೆ. ಪಕ್ಕದ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್‌ಗೆ ಮಾಡಿದೆ. ಅವರು ಎತ್ತಿದರು.

“ನಾನೀಗ ದೇವರಮನೆ ಗುಡ್ಡದ ಮೇಲೆ ಇದೀನಲ್ಲ ಮೇಡಂ, ನೆಂಟ್ರನ್ನ ಕರ್ಕೊಂಡು ಬಂದಿದೀನಿ. ಎಂತಾಯ್ತು?”

“ಅಣ್ಣ ಪಲ್ಪರಿಗೆ ಕೈ ಹಾಕಬಾರ್ದು ಅಂತ ಯಾರಿಗಾದ್ರೂ ಹೇಳ್ಸಿ, ದಮ್ಮಯ್ಯ!”

“ಹಾಂ? ಗಾಳಿ ಇದೆ ಮೇಡಂ, ಕೇಳ್ತಿಲ್ಲ!” ಅಂದು ಅದೂ ಹೋಯಿತು.

ಆಗ ಗಂಟೆ ಎರಡೂ ಕಾಲು. ಕೊಯ್ಲಿನವರು ಹಣ್ಣು ತಂದು ತೂಗಿಸಿ ಪಲ್ಪರ್ ಶುರುವಾಗುವುದು ನಾಲ್ಕಕ್ಕೆ. ವಿಭಾಗದ ಮುಖ್ಯಸ್ಥರಿಗೆ ಬಾಗಿಲಲ್ಲೇ ನಿಂತು “ಸರ್, ಮನೇಲಿ ತೊಂದ್ರೆ” ಅಂತಷ್ಟೇ ಹೇಳಿ ಸ್ಕೂಟರ್ ತೆಗೆದೆ.

ಆಲ್ದೂರು ದಾಟುವವರೆಗೆ ಒಂದೇ ಲೆಕ್ಕ ತಲೆಯಲ್ಲಿ. ಅಣ್ಣನ ಬಲಗೈ. ಆಳು ಸಿಗುವುದಿಲ್ಲ ಅಂತ ತೋಟದ ಕೆಲಸವೆಲ್ಲ ಅವನೇ ಮಾಡುತ್ತಾನೆ. ಮರಗಸಿಯ ಕಾಲದಲ್ಲಿ, ಅಂದರೆ ಕಾಫಿಗೆ ಬಿಸಿಲು ಬೀಳಲೆಂದು ನೆರಳಿನ ಮರಗಳ ಕೊಂಬೆ ಕಡಿಯುವಾಗ, ಕತ್ತಿ ಸೊಂಟಕ್ಕೆ ಸಿಕ್ಕಿಸಿ ಎತ್ತರದ ಸಿಲ್ವರ್ ಮರಕ್ಕೂ ಅವನೇ ಹತ್ತುತ್ತಾನೆ. ಆ ಕೈ ಹೋದರೆ ಅವನ ತೋಟ ಹೋದಂತೆ. ನನಗೆ ಹೆಸರು ಬರೆಯಲು ಕಲಿಸಿದ್ದೂ ಅದೇ ಕೈ, ನನ್ನ ಬೆರಳ ಮೇಲೆ ಬೆರಳಿಟ್ಟು. ಥೂ, ಅಳಬೇಡ, ರಸ್ತೆ ನೋಡು ಅಂತ ನನಗೆ ನಾನೇ ಬೈದುಕೊಂಡೆ.

ಮೂಡಿಗೆರೆಗೆ ಮುಂಚೆ ಒಂದು ತಿರುವಿನಲ್ಲಿ ಪ್ರವಾಸಿಗರ ನಾಲ್ಕು ಕಾರು ರಸ್ತೆಯಲ್ಲೇ ನಿಂತಿದ್ದವು. ಎಲ್ಲ ಇಳಿದು ಕಾಫಿ ಗಿಡದ ಮುಂದೆ ಸೆಲ್ಫಿ ತೆಗೆಯುತ್ತಿದ್ದರು. ಎದುರಿನಿಂದ ಬಂದ ಬಸ್ಸು ಸಿಕ್ಕಿಕೊಂಡು ಹಾರ್ನ್ ಹೊಡೆಯುತ್ತಿತ್ತು. ನನ್ನ ಬಾಯಿಂದ ಅವತ್ತು ಬಂದ ಮಾತುಗಳನ್ನು ಇಲ್ಲಿ ಬರೆಯಲಾರೆ. ಪಾಠ ಹೇಳುವ ಹೆಂಗಸು ಹಾಗೆ ಬೈಯಬಹುದು ಅಂತ ನನಗೇ ಗೊತ್ತಿರಲಿಲ್ಲ. ಒಬ್ಬ ಓಡಿಬಂದು ಕಾರು ತೆಗೆದ. ಅಷ್ಟರಲ್ಲಿ ಹದಿನೈದು ನಿಮಿಷ ಹೋಗಿತ್ತು.

ಗೋಣಿಬೀಡು ಮುಟ್ಟುವಾಗ ನಾಲ್ಕಾಗಿತ್ತು. ಅಲ್ಲಿಂದ ಮಣ್ಣು ರಸ್ತೆ. ತೋಟದ ಗೇಟಿನಲ್ಲಿ ಸ್ಕೂಟರ್ ನಿಲ್ಲಿಸುವಾಗಲೇ ಕೆಳಗಿನಿಂದ ಪಲ್ಪರಿನ ಗಡಗಡ ಕೇಳಿಸಿತು. ಆ ಸದ್ದು ಕೇಳಿ ನನಗಾದ ಸಮಾಧಾನ ಅಷ್ಟಿಷ್ಟಲ್ಲ. ಪಲ್ಪರ್ ಓಡುತ್ತಿದೆ ಅಂದರೆ ಅವನ ಕೈ ಹೊರಗಿದೆ. ಚಪ್ಪಲಿ ಅಲ್ಲೇ ಬಿಟ್ಟು ಇಳಿಜಾರಿನಲ್ಲಿ ಓಡಿದೆ.

ಅರ್ಧ ದಾರಿಯಲ್ಲಿ ಗಡಗಡ ನಿಂತಿತು.

ಬದುಕಿನಲ್ಲಿ ನಾನು ಯಾವ ಸದ್ದಿಗೂ ಅಷ್ಟು ಹೆದರಿಲ್ಲ, ಆ ನಿಶ್ಶಬ್ದಕ್ಕೆ ಹೆದರಿದೆ. “ಅಣ್ಣಾ! ಕೈ ಹಾಕ್ಬೇಡ! ಅಣ್ಣಾ!” ಅಂತ ಕಿರುಚಿದೆ. ಆದರೆ ಲೋಳೆನೀರು ಎತ್ತುವ ಡೀಸೆಲ್ ಪಂಪು ಶೆಡ್ಡಿನ ಹಿಂದೆ ಬಡಿದುಕೊಳ್ಳುತ್ತಲೇ ಇತ್ತು, ನನ್ನ ಕೂಗು ಅದರಲ್ಲಿ ಮುಳುಗಿಹೋಯಿತು. ಸಿಪ್ಪೆಯ ಮೇಲೆ ಕಾಲಿಟ್ಟು ಜಾರಿ ಬಿದ್ದೆ, ಎದ್ದೆ. ಶೆಡ್ಡಿನ ಬಾಗಿಲಿಗೆ ಬಂದಾಗ ಅಣ್ಣ ನನಗೆ ಬೆನ್ನು ಹಾಕಿ ಬಗ್ಗಿದ್ದ. ಬಲಗೈ ಮೊಣಕೈವರೆಗೆ ಪಲ್ಪರಿನ ಬಾಯೊಳಗಿತ್ತು.

ಕಂಬದ ಮೇಲಿನ ನನ್ನ ಪೆಟ್ಟಿಗೆಯಲ್ಲಿ ರಿಲೇಯ ಪುಟ್ಟ ಕೆಂಪು ದೀಪ ಹತ್ತಿ ಆರಿ ಹತ್ತಿ ಆರಿ ನಡುಗುತ್ತಿತ್ತು. ಕಿಟಿಕಿಟಿ, ಕಿಟಿಕಿಟಿ. ಅವನನ್ನು ಎಳೆಯೋಣವೆಂದರೆ ನಡುವೆ ಹಣ್ಣಿನ ಚೀಲಗಳ ರಾಶಿ. ಮೇನ್ ಇಪ್ಪತ್ತೆರಡು ಹೆಜ್ಜೆ ಆಚೆ. ಪೆಟ್ಟಿಗೆಗೆ ನಾನೇ ಬಿಗಿದ ನಾಲ್ಕು ಸ್ಕ್ರೂ. ತೊಟ್ಟಿ ಮಾತ್ರ ಕೈಗೆಟುಕುವಲ್ಲಿತ್ತು. ಕಡ್ಡಿ ಒರೆಸಿದರೆ ಸಾಕು ಅಂತ ಕೈ ಚಾಚಿದೆ, ಮುಟ್ಟುವ ಮುಂಚೆ ನಿಂತುಬಿಟ್ಟೆ. ಬಿದ್ದೆದ್ದ ಕೈ ಒದ್ದೆಯಾಗಿತ್ತು. ಒದ್ದೆ ಕೈ ಎರಡೂ ಕಡ್ಡಿಗೆ ತಾಗಿದರೆ ಐಸಿಗೆ ಅದು ನೀರೇ. ಮೋಟಾರು ಓಡಿಸುವವಳು ನಾನೇ ಆಗುತ್ತಿದ್ದೆ.

ಕೈ ಗಾಳಿಯಲ್ಲಿತ್ತು. ಒರೆಸಲೂ ಇಲ್ಲ, ಹಿಂದೆಗೆಯಲೂ ಇಲ್ಲ. ಎಷ್ಟು ಹೊತ್ತು ಹಾಗೆ ನಿಂತೆನೋ, ಒಂದು ಉಸಿರಿನಷ್ಟಿರಬೇಕು. ಅಷ್ಟರಲ್ಲಿ ಗೋದಾಮಿನ ಕಡೆಯಿಂದ ಸ್ಟಾರ್ಟರ್ ಕೂತ ಸದ್ದು ಬಂತು. ದಡ್.

ಡ್ರಮ್ಮು ಜಿಗಿಯಿತು. “ಅಯ್ಯಮ್ಮಾ!” ಅಂತ ಅಣ್ಣ ಕೂಗಿದ. ನನಗೆ ಆಮೇಲೆ ಯೋಚನೆ ಎಂಬುದೇ ಇರಲಿಲ್ಲ. ಕಡ್ಡಿಯಿಂದ ಪೆಟ್ಟಿಗೆಗೆ ಹೋಗುವ ವೈರನ್ನು ಎರಡೂ ಕೈಯಲ್ಲಿ ಹಿಡಿದು ಮೈಭಾರವೆಲ್ಲ ಹಾಕಿ ಕಿತ್ತೆ. ವೈರು ಬಂತು, ಅದರ ಹಿಂದೆ ನಾನೂ ನೆಲಕ್ಕೆ ಬಿದ್ದೆ. ವೈರು ಹೋದರೆ ಐಸಿಯ ಮಟ್ಟಿಗೆ ನೀರು ಪೂರ್ತಿ ಹೋದಂತೆ. ಇದ್ದಲ್ಲಿಂದ ಐದಕ್ಕೆ ಒಂದೇ ನೆಗೆತ, ನಡುವೆ ನಿಲ್ಲುವ ಪ್ರಶ್ನೆಯೇ ಇಲ್ಲ. ಕಿಟಿಕಿಟಿ ನಿಂತಿತು, ಡ್ರಮ್ಮು ನಿಂತಿತು.

ಅಣ್ಣ ಕೈ ಎಳೆದುಕೊಂಡು ಎದೆಗೆ ಒತ್ತಿ ಕೂತಿದ್ದ. ಅಂಗಿಯೆಲ್ಲ ರಕ್ತ ಮತ್ತು ಲೋಳೆ. ನೋಡುವ ಧೈರ್ಯ ಇಲ್ಲದೆ ಒಂದು ಕ್ಷಣ ಕಣ್ಣು ಮುಚ್ಚಿಕೊಂಡೆ, ಆಮೇಲೆ ಬೆರಳು ಎಣಿಸಿದೆ. ಐದು. ಮತ್ತೆ ಎಣಿಸಿದೆ. ನಡುಬೆರಳಿನ ಉಗುರು ಬುಡಸಮೇತ ಹೋಗಿತ್ತು, ಪಕ್ಕದ ಬೆರಳಿನ ಚರ್ಮ ಸುಲಿದಿತ್ತು. ಡ್ರಮ್ಮು ಇನ್ನೊಂದು ಸುತ್ತು ಬಂದಿದ್ದರೆ ಎಣಿಸಲು ಏನೂ ಇರುತ್ತಿರಲಿಲ್ಲ.

ನನ್ನ ದುಪಟ್ಟಾ ಸುತ್ತಿ, ಅಷ್ಟರಲ್ಲಿ ಓಡಿಬಂದ ಅತ್ತಿಗೆಯೂ ನಾನೂ ಕೊಯ್ಲಿನವರ ಜೀಪಿನಲ್ಲಿ ಅವನನ್ನು ಮೂಡಿಗೆರೆಯ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ದಾರಿಯುದ್ದಕ್ಕೂ ಅತ್ತಿಗೆ ನನ್ನ ಕಡೆ ನೋಡಲಿಲ್ಲ. ಡಾಕ್ಟರು ಹೊಲಿಗೆ ಹಾಕಿ ಬ್ಯಾಂಡೇಜು ಸುತ್ತಿ ಬೆಂಚಿನ ಮೇಲೆ ಕೂರಿಸಿದ ಮೇಲೆ ನನ್ನ ಬಾಯಿ ಬಿಚ್ಚಿಕೊಂಡಿತು. ಹೆದರಿಕೆಯೆಲ್ಲ ಸಿಟ್ಟಾಗಿ ಹೊರಬಂತು.

“ಬುದ್ಧಿ ಇದೆಯಾ ನಿಂಗೆ? ಅಪ್ಪನ ಕಾಲದಿಂದ ಮೇನ್ ತೆಗೀದೆ ಯಾರಾದ್ರೂ ಕೈ ಹಾಕಿದಾರಾ? ಇಪ್ಪತ್ತೆರಡು ಹೆಜ್ಜೆ ನಡೆಯಕ್ಕೆ ನಿಂಗೇನು ರೋಗ?”

ಅಣ್ಣ ಬ್ಯಾಂಡೇಜು ನೋಡುತ್ತಾ ಕೂತಿದ್ದ. ಸಿಟ್ಟಿಲ್ಲದೆ, ಇದ್ದದ್ದನ್ನು ಇದ್ದ ಹಾಗೆ ಹೇಳಿದ. “ಬೇರೆ ಯಾರಾದ್ರೂ ಮಾಡಿದ್ದಾಗಿದ್ರೆ ತೆಗೀತಿದ್ದೆ ಕಣೆ. ನೀನು ಮಾಡಿದ್ದಲ್ವಾ ಅಂತ ಹಾಕ್ದೆ.”

ಅಷ್ಟು ಜನರ ಎದುರಿಗೆ ಸೆರಗಿಲ್ಲ, ದುಪಟ್ಟಾ ಇಲ್ಲ, ಲೋಳೆ ಮೆತ್ತಿದ ಕೈಯಲ್ಲೇ ಮುಖ ಮುಚ್ಚಿಕೊಂಡು ಅತ್ತುಬಿಟ್ಟೆ. “ಅಳ್ಬೇಡ ಮಾರಾಯ್ತಿ, ಉಗುರು ಬರ್ತದೆ” ಅಂತ ಅವನೇ ಎಡಗೈಯಲ್ಲಿ ತಲೆ ತಟ್ಟಿದ. ಅತ್ತಿಗೆ ಆಗ ಮೊದಲ ಸಲ ನನ್ನ ಕಡೆ ತಿರುಗಿ, “ಆ ಪೆಟ್ಟಿಗೆ ಮನೇಲಿ ಇರ್ಬೇಕಾ ಬೇಡ್ವಾ, ಅದೊಂದು ಹೇಳಿ” ಅಂದಳು.

ಸೋಮವಾರ ಕ್ಲಾಸಿಗೆ ಹೋಗಿ ಆ ಹುಡುಗಿಯನ್ನು ಎಬ್ಬಿಸಿ ನಿಲ್ಲಿಸಿದೆ. ಪಾಪ, ಬೈಯುತ್ತಾರೆ ಅಂತ ಹೆದರಿದ್ದಳು. “ಮಧ್ಯದಲ್ಲಿ ನಿಲ್ಲುತ್ತೆ ಕಣಮ್ಮ. ನಾನು ಹೇಳಿದ್ದು ತಪ್ಪು” ಅಂದೆ. ಆ ದಿನದ ಒಂದು ಗಂಟೆಯನ್ನೂ ಮರುದಿನದ ಒಂದು ಗಂಟೆಯನ್ನೂ ಆ ಎರಡು ವೋಲ್ಟಿಗೇ ಕೊಟ್ಟೆ. ಸಿಲಬಸ್ಸು ಹಾಳಾಗಿ ಹೋಗಲಿ ಅನ್ನಿಸಿತ್ತು.

ಮುಂದಿನ ಭಾನುವಾರ ಹಟಮಾರಿ ಐಸಿ ತೆಗೆದುಕೊಂಡು ತೋಟಕ್ಕೆ ಹೋದೆ. ಹಳೆಯದನ್ನು ಕಿತ್ತು ಹೊಸದನ್ನು ಕೂರಿಸಿ, ಈ ಸಲ ಲೋಳೆನೀರನ್ನೇ ಬಿಟ್ಟು, ಮೀಟರ್ ಹಿಡಿದು ಇಪ್ಪತ್ತು ಸಲ ನೋಡಿದೆ. ವೋಲ್ಟು ಎಷ್ಟೇ ನಿಧಾನ ಏರಿದರೂ ರಿಲೇ ಒಂದೇ ಸಲ ಟಕ್ ಅಂದು ಸುಮ್ಮನಾಗುತ್ತಿತ್ತು. ಆದರೂ ಪೆಟ್ಟಿಗೆಯ ಮುಚ್ಚಳದ ಮೇಲೆ ಮಾರ್ಕರಿನಲ್ಲಿ ದೊಡ್ಡದಾಗಿ ಬರೆದೆ: ಇದು ಬೀಜಕ್ಕೆ, ಕೈಗಲ್ಲ. ಮೇನ್ ತೆಗೆದು ಫ್ಯೂಸ್ ಕಿತ್ತು ಜೇಬಿನಲ್ಲಿ ಇಟ್ಟುಕೊಳ್ಳದೆ ಯಾರೂ ಪಲ್ಪರ್ ಮುಟ್ಟುವಂತಿಲ್ಲ ಅಂತ ಅಣ್ಣನ ಹತ್ತಿರ ಅತ್ತಿಗೆಯ ಎದುರಿಗೇ ಮಾತು ತೆಗೆದುಕೊಂಡೆ.

ಅವತ್ತೇ ಸಂಜೆ ಪಲ್ಪರಿನ ಬಾಯಿಗೆ ಒಂದು ಒಣಗಿದ ಗಿಡದ ಕಡ್ಡಿ ಸಿಕ್ಕಿತು. ಅಣ್ಣ ವಾಲ್ವು ತಿರುಗಿಸಿದ. ಮೋಟಾರು ನಿಂತಿತು. ಅಂಗಳ ದಾಟಿ ಇಪ್ಪತ್ತೆರಡು ಹೆಜ್ಜೆ ನಡೆದು ಗೋದಾಮಿಗೆ ಹೋದ. ಮೇನ್ ಇಳಿಸಿ ಮೂರೂ ಫ್ಯೂಸ್ ಕಿತ್ತು ಅಂಗಿಯ ಜೇಬಿಗೆ ಹಾಕಿಕೊಂಡು ಬಂದ. ಪಲ್ಪರಿನ ಮುಂದೆ ಬಗ್ಗಿ, ಬ್ಯಾಂಡೇಜಿನ ಕೈ ಮುಂದೆ ಚಾಚಿ, ಅಲ್ಲೇ ನಿಂತ. ಅಷ್ಟೆತ್ತರದ ಮರದ ತುದಿಯಲ್ಲೂ ಹಿಂಜರಿಯದ ಕೈ ಅದು.

ತಿರುಗಿ ನನ್ನ ಮುಖ ನೋಡಿದ. “ಹಾಕ್ಲೇನೇ?”

ಫ್ಯೂಸು ಅವನ ಜೇಬಿನಲ್ಲಿದೆ, ಈ ಮೋಟಾರು ತಿರುಗುವುದು ಸಾಧ್ಯವೇ ಇಲ್ಲ ಅಂತ ನನಗೆ ಗೊತ್ತಿತ್ತು. ಆದರೆ ನಡುವೆ ಯಾವುದೂ ನಿಲ್ಲುವುದಿಲ್ಲ ಅಂತ ಹನ್ನೊಂದು ವರ್ಷ ಗೊತ್ತಿದ್ದವಳೂ ನಾನೇ.

ಅವನನ್ನು ಪಕ್ಕಕ್ಕೆ ಸರಿಸಿದೆ. ಕೈಯ ಬಳೆ ತೆಗೆದು ಅತ್ತಿಗೆಯ ಕೈಗೆ ಕೊಟ್ಟೆ. ಅವಳು “ಬೇಡ ಬಿಡಿ” ಅಂದಳು, ನಾನು ಕೇಳಲಿಲ್ಲ. ತೋಳಿನ ಬಟ್ಟೆ ಮೇಲಕ್ಕೆ ಮಡಚಿ, ನನ್ನ ಬಲಗೈಯನ್ನು ಮೊಣಕೈವರೆಗೆ ಪಲ್ಪರಿನ ಬಾಯೊಳಗೆ ಇಳಿಸಿದೆ. ಒಳಗೆ ತಣ್ಣಗಿತ್ತು, ಡ್ರಮ್ಮಿನ ಗುಬುಟು ಬೆರಳಿಗೆ ತಾಗಿತು. ಕಡ್ಡಿ ಹುಡುಕಿ ಹಿಡಿದು ಎಳೆದು ಹೊರಗೆ ಹಾಕಿದೆ. ಆಮೇಲೂ ಕೈಯನ್ನು ಅಲ್ಲೇ ಇಟ್ಟುಕೊಂಡು, ಮನಸ್ಸಿನಲ್ಲೇ ನೂರರವರೆಗೆ ಎಣಿಸಿ, ಅಣ್ಣನಿಗೆ “ಈಗ ನಿನ್ನ ಕೈ ಹಾಕು” ಅಂದೆ.